ಅಡಿಬರಹವಿಲ್ಲದ ಮುಖಗಳು

ಅಕ್ಕಲಕೋಟೆಯ ಸ್ವಾಮಿ ಸಮರ್ಥರ ಚಿತ್ರ ಸೊಲ್ಲಾಪುರ ಸೀಮೆಯಲ್ಲಿ ಕಣ್ಣಿಗೆ ಬೀಳದ ದಿನವಿಲ್ಲ. ಕಿರಾಣಿ ಅಂಗಡಿಯ ಗಲ್ಲಾದ ಮೇಲೆ, ರಿಕ್ಷಾದ ಗಾಜಿನ ಮೇಲೆ, ದವಾಖಾನೆಯ ಗೋಡೆಗೆ, ದೇವರ ಜಗಲಿಗೆ ಅವರು ಕುಳಿತೇ ಇರುತ್ತಾರೆ. ಮೈಮೇಲೆ ಕೌಪೀನ ಬಿಟ್ಟರೆ ಬೇರೇನಿಲ್ಲ. ಉದ್ದನೆಯ ಕೈಗಳು, ದೊಡ್ಡ ಕಿವಿಗಳು, ಎದುರಿಗಿದ್ದವರನ್ನು ನೆಟ್ಟಗೆ ನೋಡುವ ಕಣ್ಣು. ಈ ಚಿತ್ರಗಳಲ್ಲಿ ಬಹುಪಾಲು ಕಲಾವಿದರು ಬರೆದವು, ಅಚ್ಚಿನಿಂದ ಅಚ್ಚಿಗೆ ಬಣ್ಣ ಬದಲಿಸಿಕೊಂಡವು. ಆದರೆ ಅವುಗಳ ಹಿಂದೆ, ಸ್ವಾಮಿಗಳು ಇದ್ದಾಗಲೇ ತೆಗೆದದ್ದೆಂದು ಭಕ್ತರು ನಂಬುವ ಕೆಲವು ಹಳೆಯ ಫೋಟೋಗಳಿವೆ.

ಆ ಫೋಟೋ ತೆಗೆದವರು ಯಾರು ಎಂದು ಕೇಳಿದರೆ ಊರಿನವರು ಹೇಳುವ ಕಥೆಯೊಂದಿದೆ. ಕೊಡಾಕ್ ಕಂಪನಿಯ ಸಾಹೇಬ ಪರದೇಶದಿಂದ ಬಂದು ತೆಗೆದನಂತೆ. ಇತಿಹಾಸ ಈ ಕಥೆಯನ್ನು ಒಪ್ಪುವುದಿಲ್ಲ. ಸ್ವಾಮಿ ಸಮರ್ಥರು ಸಮಾಧಿಯಾದದ್ದು 1878ರಲ್ಲಿ. ಜಾರ್ಜ್ ಈಸ್ಟ್‌ಮನ್ 'ಕೊಡಾಕ್' ಎಂಬ ಹೆಸರನ್ನು ನೋಂದಾಯಿಸಿ ಕ್ಯಾಮೆರಾ ಮಾರತೊಡಗಿದ್ದು 1888ರಲ್ಲಿ. ಆದರೂ ಕಥೆಯೊಳಗಿನ ಕುತೂಹಲ ಸರಿಯಾದದ್ದೇ. ಅಕ್ಕಲಕೋಟೆಯಂಥ ಸಣ್ಣ ಸಂಸ್ಥಾನಕ್ಕೆ ಆ ಕಾಲದಲ್ಲಿ ಕ್ಯಾಮೆರಾ ತರುವುದೆಂದರೆ ಸಣ್ಣ ಮಾತಾಗಿರಲಿಲ್ಲ. ರೈಲು 1860ರಲ್ಲಿ ಸೊಲ್ಲಾಪುರ ಮುಟ್ಟಿತ್ತು, 1871ರ ಹೊತ್ತಿಗೆ ಅದೇ ಹಳಿ ರಾಯಚೂರಿನವರೆಗೆ ಹೋಗಿತ್ತು. ಆಗಿನ ಫೋಟೋ ಕೆಲಸದಲ್ಲಿ ಗಾಜಿನ ಫಲಕಕ್ಕೆ ರಾಸಾಯನಿಕ ಸವರಿ, ಅದು ಒದ್ದೆ ಇರುವಾಗಲೇ ಚಿತ್ರ ಹಿಡಿದು, ಆರುವ ಮೊದಲೇ ಕತ್ತಲಲ್ಲಿ ತೊಳೆಯಬೇಕಿತ್ತು. ಅಂದರೆ ಫೋಟೋಗ್ರಾಫರನು ಕ್ಯಾಮೆರಾದ ಜೊತೆಗೆ ಕತ್ತಲ ಕೋಣೆಯನ್ನೂ, ಬಾಟಲಿಗಳನ್ನೂ, ನೀರನ್ನೂ ಹೊತ್ತು ತಿರುಗಬೇಕು. ಚಿತ್ರಕ್ಕೆ ಕುಳಿತವರು ಕೆಲವು ಸೆಕೆಂಡು ಅಲುಗಾಡದೆ ಇರಬೇಕು.

ಈ ಫೋಟೋದಿಂದ ಲೇಖನ ಶುರು ಮಾಡಲು ಕಾರಣವಿದೆ. ಲೋಕದ ಜನರನ್ನೂ ಅವರ ಸಂಸ್ಕೃತಿಗಳನ್ನೂ ಊರೂರು ತಿರುಗಿ ಚಿತ್ರ ಹಿಡಿಯುವ ಒಂದು ಪರಂಪರೆಗೆ ಈಗ ನೂರೈವತ್ತು ವರ್ಷ ದಾಟಿದೆ. ಆ ಪರಂಪರೆಗೆ ಮೊದಲಿನಿಂದಲೂ ಬಹಳ ಇಷ್ಟವಾದ ವಸ್ತುಗಳಲ್ಲಿ ಅರೆಬೆತ್ತಲೆ ಸಾಧು ಒಬ್ಬ. ಬ್ರಿಟಿಷ್ ಕಾಲದ ಆಲ್ಬಮ್‌ಗಳಲ್ಲಿ ಅವನು 'ಫಕೀರ', 'ಹಿಂದೂ ಸನ್ಯಾಸಿ' ಎಂಬ ಒಂದು ಮಾದರಿಯಾಗಿ ಬರುತ್ತಾನೆ. ಇವತ್ತಿನ ಸ್ಪರ್ಧೆಗಳಲ್ಲಿ ಕಾಶಿಯ ಘಾಟಿನ ಮೇಲೆ ಹೊಗೆಯ ನಡುವೆ ಕುಳಿತಿರುತ್ತಾನೆ. ಅಕ್ಕಲಕೋಟೆಯ ಫೋಟೋದಲ್ಲಿ ಇರುವುದೂ ಅಂಥದೇ ಮೈ, ಅಂಥದೇ ಕೂರುವ ಭಂಗಿ. ಆದರೆ ಇದು ಮಾದರಿಯಾಗಲಿಲ್ಲ. ಕುಳಿತವರ ಹೆಸರು ಜನರಿಗೆ ಗೊತ್ತಿತ್ತು. ಚಿತ್ರ ಜನರ ಕೈಗೆ ಬಂತು, ಕಟ್ಟು ಹಾಕಿಸಿಕೊಂಡಿತು, ಕುಂಕುಮ ಹಚ್ಚಿಸಿಕೊಂಡಿತು. ತೆಗೆದವನ ಹೆಸರು ಕಳೆದುಹೋಯಿತು, ತೆಗೆಸಿಕೊಂಡವರ ಹೆಸರು ಉಳಿಯಿತು. ಪ್ರವಾಸಿ ಛಾಯಾಗ್ರಹಣದ ಇತಿಹಾಸದಲ್ಲಿ ಹೀಗಾದದ್ದು ಬಹಳ ಕಡಿಮೆ. ಅಲ್ಲಿ ಎಂದಿನ ಕ್ರಮ ಇದಕ್ಕೆ ತಿರುವುಮುರುವು.

ನನ್ನ ತಕರಾರು ಇರುವುದು ಅಲ್ಲಿಯೇ. ಈ ಪರಂಪರೆ ನೋಡುವುದನ್ನು ಅದ್ಭುತವಾಗಿ ಕಲಿತಿದೆ, ಕೇಳುವುದನ್ನು ಕಲಿತಿಲ್ಲ. ಬೆಳಕು, ಬಣ್ಣ, ಸುಕ್ಕು, ಉಡುಗೆ ಎಲ್ಲವನ್ನೂ ಹಿಡಿಯುತ್ತದೆ. ಎದುರಿಗೆ ನಿಂತವರು ಯಾರು, ಯಾವ ಕೆಲಸದವರು, ಮನೆಯಲ್ಲಿ ಯಾವ ಮಾತು ಆಡುತ್ತಾರೆ ಎಂದು ಬರೆದಿಡುವುದಿಲ್ಲ. ಈ ಕೊರತೆ ಎಲ್ಲ ಕಡೆಯೂ ಇದೆ. ಸೊಲ್ಲಾಪುರ, ಅಕ್ಕಲಕೋಟೆಯಂಥ ಗಡಿನಾಡಿನಲ್ಲಿ ಮಾತ್ರ ಅದರಿಂದ ಆಗುವ ನಷ್ಟ ಬರಿಗಣ್ಣಿಗೆ ಕಾಣುತ್ತದೆ.

ಈ ಕೊರತೆಯ ಬೇರು ಹುಡುಕಿದರೆ ಅದು ನಮ್ಮ ಸೀಮೆಗೇ ಬಂದು ಮುಟ್ಟುತ್ತದೆ. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ 'ದಿ ಪೀಪಲ್ ಆಫ್ ಇಂಡಿಯಾ' ಹೊರಬಂತು. ಸಂಪಾದಕರು ಫೋರ್ಬ್ಸ್ ವಾಟ್ಸನ್ ಮತ್ತು ಜಾನ್ ವಿಲಿಯಂ ಕೇ. ಒಟ್ಟು 468 ಫೋಟೋಗಳು. ಗವರ್ನರ್ ಜನರಲ್ ಕ್ಯಾನಿಂಗ್ ದಂಪತಿಗಳು ನೆನಪಿಗೆಂದು ಊರಿಗೆ ಒಯ್ಯಲು ಬಯಸಿದ ಚಿತ್ರಗಳ ಸಂಗ್ರಹವಾಗಿ ಶುರುವಾದದ್ದು, 1857ರ ದಂಗೆಯ ನಂತರ ಸರಕಾರದ ಕೆಲಸವಾಯಿತು. ಆಳಬೇಕಾದ ಜನರನ್ನು ಗುರುತು ಹಿಡಿಯಬೇಕಾಗಿತ್ತು. ಚಿತ್ರಗಳ ಜೊತೆಗಿನ ವಿವರಣೆ ಬರೆದವರಲ್ಲಿ ಒಬ್ಬ ಫಿಲಿಪ್ ಮೆಡೋಸ್ ಟೇಲರ್. ಸುರಪುರದ ಚರಿತ್ರೆ ಓದಿದ ಕನ್ನಡಿಗರಿಗೆ ಈ ಹೆಸರು ಹೊಸದಲ್ಲ. ಸುರಪುರದಿಂದ ಹೊರಟವನು 1853ರಲ್ಲಿ ನಳದುರ್ಗ ಜಿಲ್ಲೆಯ ಆಡಳಿತ ವಹಿಸಿಕೊಂಡ. ನಳದುರ್ಗ ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ದಾರಿಯಲ್ಲೇ ಇದೆ, ಅಕ್ಕಲಕೋಟೆಗೂ ದೂರವಲ್ಲ. ಈ ನೆಲದ ಜನರೊಡನೆ ವರ್ಷಗಟ್ಟಲೆ ಬಾಳಿದವನು ಅವನು. ಅಂಥವನು ಕೈಹಾಕಿದ ಗ್ರಂಥದಲ್ಲೂ ಆದದ್ದೇನು? ರಾಜರಿಗೆ, ಜಮೀನ್ದಾರರಿಗೆ ಹೆಸರು ಸಿಕ್ಕಿತು. ಉಳಿದವರಿಗೆ ಜಾತಿಯ ಹೆಸರು ಸಿಕ್ಕಿತು, ಅದರ ಬೆನ್ನಿಗೇ ಒಂದು ಗುಣಪತ್ರ: ಇವರು ನಿಷ್ಠರು, ಇವರು ಕಳ್ಳರು, ಇವರು ಸೋಮಾರಿಗಳು.

ಇದಕ್ಕೂ ಮೊದಲು ಮುಂಬಯಿಯಲ್ಲಿ ವಿಲಿಯಂ ಜಾನ್ಸನ್ ಎಂಬಾತ ಆ ನಗರದಲ್ಲಿ ನೆಲೆಸಿದ ಮತ್ತು ಬಂದುಹೋಗುವ ಜನಾಂಗಗಳ ಬಗ್ಗೆ 1863 ಮತ್ತು 1866ರಲ್ಲಿ ಎರಡು ಸಂಪುಟ ಹೊರತಂದ. ಅವನ ಕೈಚಳಕ ಗಮನಿಸಬೇಕಾದದ್ದು. ಜನರನ್ನು ಒಂದು ಕಡೆ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದ, ಆಮೇಲೆ ಆ ಆಕೃತಿಗಳನ್ನು ಕತ್ತರಿಸಿ ಬೇರೊಂದು ಗುಡಿಯ, ಬೀದಿಯ, ಬಯಲಿನ ಫೋಟೋದ ಮೇಲೆ ಕೂರಿಸುತ್ತಿದ್ದ. ಯಾವ ಜಾತಿಗೆ ಯಾವ ಹಿನ್ನೆಲೆ ಒಪ್ಪುತ್ತದೆ ಎಂದು ತೀರ್ಮಾನಿಸುವವನು ಅವನೇ. ಅಂದರೆ 'ತಮ್ಮ ಪರಿಸರದಲ್ಲಿ ಜನರು' ಎಂಬ ಪ್ರಕಾರ ಹುಟ್ಟಿದಾಗಲೇ ಆ ಪರಿಸರ ಫೋಟೋಗ್ರಾಫರನ ಕತ್ತರಿಯಿಂದ ಬಂದದ್ದಾಗಿತ್ತು.

ಅಮೆರಿಕದಲ್ಲಿ ಎಡ್ವರ್ಡ್ ಕರ್ಟಿಸ್ ಮೂಲನಿವಾಸಿಗಳ ಚಿತ್ರ ಹಿಡಿದ ಕಥೆಯೂ ಇದಕ್ಕೆ ಹತ್ತಿರದ್ದು. 1910ರಲ್ಲಿ ಪಿಗನ್ ಬುಡಕಟ್ಟಿನ ತಂದೆ ಮಗನನ್ನು ಅವರ ಗುಡಾರದೊಳಗೆ ಕೂರಿಸಿ ಅವನು ತೆಗೆದ ಒಂದು ಫೋಟೋದಲ್ಲಿ ಇಬ್ಬರ ನಡುವೆ ಒಂದು ಗಡಿಯಾರ ಇತ್ತು. ಪುಸ್ತಕದಲ್ಲಿ ಅಚ್ಚಾಗುವಾಗ ಅದು ಮಾಯವಾಯಿತು. ಕರ್ಟಿಸನ ಶ್ರಮ ದೊಡ್ಡದು, ಆ ಜನರ ಮೇಲೆ ಅವನಿಗಿದ್ದ ಅಕ್ಕರೆಯೂ ಸುಳ್ಳಲ್ಲ. ಅನೇಕರ ಹೆಸರನ್ನೂ ಅವನು ದಾಖಲಿಸಿದ. ಆದರೆ ಗಡಿಯಾರ ಕೊಂಡುಕೊಂಡ ತಂದೆಗಿಂತ ಗಡಿಯಾರವಿಲ್ಲದ ತಂದೆ ಅವನಿಗೆ ಹೆಚ್ಚು 'ಅಸಲಿ'ಯಾಗಿ ಕಂಡ. ಅಲ್ಲಿಂದ ಇಲ್ಲಿಯವರೆಗೆ ಸಂಸ್ಕೃತಿಯ ಫೋಟೋ ತೆಗೆಯುವವರು ವೈರು, ಪ್ಲಾಸ್ಟಿಕ್ ಬಕೆಟ್ಟು, ಮೊಬೈಲು ಕಂಡಕೂಡಲೇ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಚೌಕಟ್ಟು ಬದಲಿಸುವುದು ರೂಢಿಯಾಗಿಬಿಟ್ಟಿದೆ.

ಇಪ್ಪತ್ತನೆಯ ಶತಮಾನದಲ್ಲಿ ಆಲ್ಬಮ್ಮಿನ ಜಾಗಕ್ಕೆ ನಿಯತಕಾಲಿಕ ಬಂತು. ಪೇಶಾವರದ ಬಳಿಯ ನಾಸಿರ್ ಬಾಗ್ ನಿರಾಶ್ರಿತರ ಶಿಬಿರದಲ್ಲಿ 1984ರಲ್ಲಿ ಸ್ಟೀವ್ ಮೆಕರಿ ತೆಗೆದ ಹುಡುಗಿಯ ಚಿತ್ರ 1985ರ ಜೂನ್‌ನಲ್ಲಿ ನ್ಯಾಷನಲ್ ಜಿಯಾಗ್ರಫಿಕ್‌ನ ಮುಖಪುಟವಾಯಿತು. ಆ ಹಸಿರು ಕಣ್ಣುಗಳನ್ನು ನೋಡದವರಿಲ್ಲ. ಅವಳ ಹೆಸರು ಶರಬತ್ ಗುಲಾ ಎಂದು ಲೋಕಕ್ಕೆ ತಿಳಿದದ್ದು 2002ರಲ್ಲಿ. ಹದಿನೇಳು ವರ್ಷ ಅವಳು ಬರೀ 'ಅಫ್ಘನ್ ಹುಡುಗಿ'. 2016ರಲ್ಲಿ ಮೆಕರಿಯ ಕೆಲವು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತಿದ್ದಲಾಗಿದೆ ಎಂಬ ವಿವಾದ ಎದ್ದಿತು. ಕೆಲವು ಚಿತ್ರಗಳಿಂದ ಆಕೃತಿಗಳನ್ನೇ ಅಳಿಸಲಾಗಿತ್ತು. ಅದೇ ನಿಯತಕಾಲಿಕ 2018ರ ಏಪ್ರಿಲ್ ಸಂಚಿಕೆಯಲ್ಲಿ ತನ್ನ ಹಿಂದಿನ ದಶಕಗಳ ವರದಿಗಾರಿಕೆ ವರ್ಣಭೇದದ್ದಾಗಿತ್ತು ಎಂದು ತಾನೇ ಬರೆದುಕೊಂಡಿತು. ಅದನ್ನು ನಾನು ಮೆಚ್ಚುತ್ತೇನೆ. ಆದರೆ ನಮ್ಮ ಕಡೆ ಸಾವಿರಾರು ಹವ್ಯಾಸಿಗಳು ಇವತ್ತಿಗೂ ಅಭ್ಯಾಸ ಮಾಡುತ್ತಿರುವುದು ಆ ಹಳೆಯ ಮುಖಪುಟಗಳನ್ನೇ ಮುಂದಿಟ್ಟುಕೊಂಡು.

ಹವ್ಯಾಸಿಗಳ ಲೋಕಕ್ಕೆ ತನ್ನದೇ ಕಾನೂನುಗಳಿವೆ. 'ಸಲೋನ್' ಎಂದು ಕರೆಯುವ ಅಂತಾರಾಷ್ಟ್ರೀಯ ಸ್ಪರ್ಧೆಗಳಲ್ಲಿ 'ಟ್ರಾವೆಲ್' ಎಂಬುದೇ ಒಂದು ವಿಭಾಗ. ಅಮೆರಿಕದ ಫೋಟೋಗ್ರಾಫಿಕ್ ಸೊಸೈಟಿ ಅದಕ್ಕೆ ಕೊಟ್ಟ ವ್ಯಾಖ್ಯೆ ಚೆನ್ನಾಗಿಯೇ ಇದೆ. ಚಿತ್ರ ಒಂದು ನಾಡಿನ ಲಕ್ಷಣವನ್ನೋ ಸಂಸ್ಕೃತಿಯನ್ನೋ ಸಹಜವಾಗಿ ತೋರಿಸಬೇಕು. ಫೋಟೋಗಾಗಿಯೇ ಏರ್ಪಡಿಸಿದ ಕಾರ್ಯಕ್ರಮ, ದುಡ್ಡು ಕೊಟ್ಟು ನಿಲ್ಲಿಸಿದ ಜನ ಸಲ್ಲದು. ಮುಖವನ್ನು ಹತ್ತಿರದಿಂದ ತೆಗೆದ ಚಿತ್ರವಾದರೂ ಊರಿನ ಸುಳಿವು ಅದರಲ್ಲಿ ಇರಬೇಕು. ಬರಹದಲ್ಲಿ ಇದು ಪ್ರಾಮಾಣಿಕ. ನಡೆಯುವುದು ಬೇರೆ. ತೀರ್ಪುಗಾರರ ಮುಂದೆ ಒಂದು ಚಿತ್ರ ಇರುವುದು ಕೆಲವೇ ಸೆಕೆಂಡು. ಅಷ್ಟರಲ್ಲಿ 'ಇದು ಇಂಥ ನಾಡು' ಎಂದು ಹೊಳೆಯಬೇಕಾದರೆ ಆ ನಾಡಿನ ಬಗ್ಗೆ ಅವರ ತಲೆಯಲ್ಲಿ ಮೊದಲೇ ಇರುವ ಚಿತ್ರಕ್ಕೆ ಇದು ಹೊಂದಬೇಕು. ಹೀಗಾಗಿ ರಾಜಸ್ಥಾನವೆಂದರೆ ಪಗಡಿ, ಕಾಶಿಯೆಂದರೆ ಸಾಧು, ಮಹಾರಾಷ್ಟ್ರವೆಂದರೆ ವಾರಿಯ ಟೋಪಿ ಮತ್ತು ತುಳಸಿ. ಹೊಸದನ್ನು ತೋರಿಸಿದ ಚಿತ್ರ ಗೆಲ್ಲುವುದಕ್ಕಿಂತ, ಗೊತ್ತಿದ್ದದ್ದನ್ನೇ ಚೆಂದ ಮಾಡಿ ತೋರಿಸಿದ ಚಿತ್ರ ಗೆಲ್ಲುತ್ತದೆ.

ಈಗ ಈ ಕಣ್ಣನ್ನು ಸೊಲ್ಲಾಪುರಕ್ಕೆ ತಂದು ನೋಡೋಣ.

ಸಂಕ್ರಾಂತಿಯ ಹೊತ್ತಿಗೆ ಸಿದ್ಧರಾಮೇಶ್ವರರ ಗಡ್ಡಾ ಜಾತ್ರೆ. ಸೊನ್ನಲಿಗೆಯ, ಅಂದರೆ ಇಂದಿನ ಸೊಲ್ಲಾಪುರದ, ಸಿದ್ಧರಾಮ ಹನ್ನೆರಡನೆಯ ಶತಮಾನದ ವಚನಕಾರ, ಕೆರೆ ಕಟ್ಟಿಸಿದ ಶಿವಯೋಗಿ, ರಾಘವಾಂಕನ 'ಸಿದ್ಧರಾಮ ಚಾರಿತ್ರ'ದ ನಾಯಕ. ಅವರನ್ನು ಮದುವೆಯಾಗಬೇಕೆಂದು ಕುಂಬಾರರ ಕನ್ಯೆಯೊಬ್ಬಳು ಹಟ ಹಿಡಿದಾಗ ತಮ್ಮ ಯೋಗದಂಡದ ಜೊತೆ ಮದುವೆಗೆ ಒಪ್ಪಿದರು ಎಂಬುದು ಐತಿಹ್ಯ. ಆ ಮದುವೆಯೇ ಪ್ರತಿವರ್ಷದ ಜಾತ್ರೆ. ಏಳು ನಂದಿಧ್ವಜಗಳು ಹೊರಡುತ್ತವೆ, ಊರ ಸುತ್ತ ಸಿದ್ಧರಾಮರು ಸ್ಥಾಪಿಸಿದರೆನ್ನುವ 68 ಲಿಂಗಗಳಿಗೆ ಎಣ್ಣೆ ಮಜ್ಜನವಾಗುತ್ತದೆ, ಮರುದಿನ ಅಕ್ಷತೆ. ಧ್ವಜ ಹಿಡಿಯುವ ಮಾನ ಬೇರೆ ಬೇರೆ ಸಮುದಾಯಗಳಿಗೆ ಹಂಚಿಹೋಗಿದೆ. ಹಿಡಿಯುವವರೂ ಜೊತೆಗೆ ನಡೆಯುವವರೂ ಬಿಳಿಯ ಬಾರಾಬಂದಿ ತೊಟ್ಟಿರುತ್ತಾರೆ.

ಈ ಜಾತ್ರೆಯ ಫೋಟೋಗಳನ್ನು ವರ್ಷವರ್ಷವೂ ನೋಡುತ್ತ ಬಂದಿದ್ದೇನೆ. ಬಹಳಷ್ಟು ಒಂದೇ ಚಿತ್ರ. ಕ್ಯಾಮೆರಾ ನೆಲಮಟ್ಟಕ್ಕೆ ಇಳಿದಿರುತ್ತದೆ, ಧ್ವಜ ಆಕಾಶಕ್ಕೆ ಚುಚ್ಚಿರುತ್ತದೆ, ಕೆಳಗೆ ಬಿಳಿ ಉಡುಗೆಯ ಗುಂಪು, ಹಿಂದೆ ಕೆರೆ ಅಥವಾ ಗುಡಿಯ ಶಿಖರ. ಚೆಂದವೇ. ಆದರೆ ಧ್ವಜ ಹಿಡಿಯುವುದೆಂದರೆ ಏನು ಎಂಬುದು ಆ ಚಿತ್ರದಲ್ಲಿಲ್ಲ. ಅಷ್ಟು ಉದ್ದದ, ಭಾರದ ಕಂಬವನ್ನು ಸೊಂಟದ ಪಟ್ಟಿಗೆ ಊರಿ ನೆಟ್ಟಗೆ ನಿಲ್ಲಿಸಬೇಕು. ನೋಟ ಸದಾ ಮೇಲಿನ ತುದಿಯ ಮೇಲಿರಬೇಕು, ಕಾಲಿಗೆ ದಾರಿ ತಾನಾಗಿ ಗೊತ್ತಿರಬೇಕು, ಕಂಬ ವಾಲುವ ಮೊದಲೇ ಸುತ್ತ ನಿಂತವರು ಅದನ್ನು ಹಿಡಿಯಬೇಕು. ಅದಕ್ಕೆಂದೇ ಜಾತ್ರೆಗೆ ಮುಂಚೆ ತಾಲೀಮು ನಡೆಯುತ್ತದೆ, ಅದನ್ನು ಇಲ್ಲಿ 'ಸರಾವು' ಎನ್ನುತ್ತಾರೆ. ಆಗ ಯಾರೂ ಬಾರಾಬಂದಿ ತೊಟ್ಟಿರುವುದಿಲ್ಲ. ಪ್ಯಾಂಟು, ಟೀ ಶರ್ಟು ಹಾಕಿದ ಹುಡುಗರು ಕೆಲಸ ಮುಗಿಸಿ ಬಂದು ಹಿರಿಯರ ಕೈಕೆಳಗೆ ಕಲಿಯುತ್ತಾರೆ. ಪರಂಪರೆ ಕೈಯಿಂದ ಕೈಗೆ ದಾಟುವುದನ್ನು ಚಿತ್ರದಲ್ಲಿ ಹಿಡಿಯಬೇಕೆಂದರೆ ಅದು ಸಿಗುವುದು ಅಲ್ಲಿ. ಅಲ್ಲಿ ಕ್ಯಾಮೆರಾಗಳು ಅಪರೂಪ, ಏಕೆಂದರೆ ಅಲ್ಲಿ ಉಡುಗೆಯಿಲ್ಲ.

ಇನ್ನೂ ಒಂದು ಆ ಚಿತ್ರದಲ್ಲಿಲ್ಲ: ಮಾತು. ಕೆರೆಯ ದಂಡೆಯ ಈ ಗುಂಪಿನಲ್ಲಿ ಕನ್ನಡ, ಮರಾಠಿ, ತೆಲುಗು, ದಖನಿ ಎಲ್ಲ ಕೇಳುತ್ತದೆ. ಒಬ್ಬನೇ ಮನುಷ್ಯ ತಾಯಿಯೊಡನೆ ಕನ್ನಡ ಆಡುತ್ತಾನೆ, ಕಚೇರಿಯಲ್ಲಿ ಮರಾಠಿ, ನೇಕಾರ ನೆರೆಮನೆಯವನ ಜೊತೆ ತೆಲುಗು. ಅಕ್ಕಲಕೋಟೆ ತಾಲೂಕಿನ ಹಳ್ಳಿಗಳಲ್ಲಿ ಧೋತರ ಉಟ್ಟು ಗಾಂಧಿ ಟೋಪಿ ಇಟ್ಟ ಮುದುಕರು ಕಟ್ಟೆಯ ಮೇಲೆ ಕುಳಿತು ಆಡುವ ಮಾತು ಕನ್ನಡ. ಅವರ ಫೋಟೋ ತೆಗೆದು ಅಡಿಬರಹವಿಲ್ಲದೆ ಪ್ರದರ್ಶನಕ್ಕೆ ಕಳಿಸಿದರೆ ನೋಡಿದವರೆಲ್ಲ 'ಮಹಾರಾಷ್ಟ್ರದ ರೈತ' ಎಂದು ಓದುತ್ತಾರೆ. ಅದು ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಮಹಾರಾಷ್ಟ್ರದ ಸಚಿತ್ರ ಗ್ರಂಥಗಳಲ್ಲಿ ಈ ಜನ ಮಾತು ಕಳೆದುಕೊಂಡು ಬರುತ್ತಾರೆ. ಕರ್ನಾಟಕದ ಸಚಿತ್ರ ಗ್ರಂಥಗಳು ಹಂಪಿ, ಕೊಡಗು, ಯಕ್ಷಗಾನ, ಮೈಸೂರು ದಸರಾ ಎಂದು ಮುಗಿದುಹೋಗುತ್ತವೆ, ಅಲ್ಲಿ ಇವರಿಗೆ ಜಾಗವೇ ಇಲ್ಲ. 1950ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದ ಊರು ಸೊಲ್ಲಾಪುರ. ಸಮ್ಮೇಳನದ ಮೊದಲ ಮಹಿಳಾ ಅಧ್ಯಕ್ಷರಾಗಿ 1974ರಲ್ಲಿ ಮಂಡ್ಯದಲ್ಲಿ ಕುಳಿತ ಜಯದೇವಿತಾಯಿ ಲಿಗಾಡೆಯವರ ಊರು. ಗಡಿಯ ಜಗಳ ಈ ಲೇಖನದ ವಿಷಯವಲ್ಲ. ನಾನು ಹೇಳುತ್ತಿರುವುದು ಇಷ್ಟೇ: ಒಂದು ನಾಡಿಗೆ ಒಂದು ಉಡುಗೆ, ಒಂದು ಉಡುಗೆಗೆ ಒಂದು ಭಾಷೆ ಎಂದು ನಂಬಿದ ಪರಂಪರೆ ಎರಡು ನಾಡಿನ ನಡುವೆ ಬಾಳುವವರನ್ನು ನೋಡಲಾರದು.

ಕೆಲಸದ ವಿಷಯದಲ್ಲೂ ಇದೇ ಕುರುಡು. 1877ರಲ್ಲಿ ಇಲ್ಲಿನ ಮೊದಲ ನೂಲಿನ ಗಿರಣಿ, 'ಜುನೀ ಮಿಲ್', ಶುರುವಾದ ಮೇಲೆ ಸೊಲ್ಲಾಪುರ ಗಿರಣಿಯ ಊರಾಯಿತು. ತೆಲಂಗಾಣದ ಕಡೆಯಿಂದ ಬಂದ ಪದ್ಮಶಾಲಿ ನೇಕಾರರ ಕೈಯಲ್ಲಿ ಚಾದರದ ಊರಾಯಿತು. ಇವತ್ತಿನ ಚಾದರ, ಟವೆಲ್ಲು ಬಹುಪಾಲು ಹುಟ್ಟುವುದು ಪವರ್‌ಲೂಮಿನಲ್ಲಿ. ಟ್ಯೂಬ್‌ಲೈಟಿನ ಕೆಳಗೆ, ಕಿವಿಗಡಚಿಕ್ಕುವ ಸದ್ದಿನಲ್ಲಿ, ರೆಪ್ಪೆಯ ಮೇಲೂ ಹತ್ತಿಯ ಎಳೆ ಕೂರುವ ಶೆಡ್ಡುಗಳಲ್ಲಿ. 'ಭಾರತದ ನೇಕಾರ' ಎಂಬ ಫೋಟೋ ಮಾತ್ರ ಈಗಲೂ ಕೈಮಗ್ಗದ್ದೇ: ಕಿಟಕಿಯಿಂದ ಓರೆ ಬೆಳಕು, ಬೋಳುತಲೆಯ ಮುದುಕ, ಕೈಯಲ್ಲಿ ಲಾಳಿ. ಬೀಡಿ ಕಟ್ಟುವ ಹೆಂಗಸರ ಚಿತ್ರಗಳಲ್ಲಿ ಎಲೆ, ಬೆರಳು, ಬಳೆ ಇರುತ್ತವೆ. ಅದೇ ಹೆಂಗಸರು ವರ್ಷಾನುಗಟ್ಟಲೆ ಚಳವಳಿ ಮಾಡಿ ಕುಂಭಾರಿಯ ಬಯಲಿನಲ್ಲಿ ಗೋದೂತಾಯಿ ಪರುಳೇಕರ್ ಹೆಸರಿನ ವಸಾಹತಿನಲ್ಲಿ ಹತ್ತು ಸಾವಿರ ಮನೆ ಪಡೆದದ್ದು, ಆಮೇಲೆ ಅಸಂಘಟಿತ ಕಾರ್ಮಿಕರಿಗಾಗಿ ರೇ ನಗರ ಎದ್ದದ್ದು ಸುದ್ದಿಯ ಫೋಟೋ ಆಯಿತೇ ಹೊರತು 'ಸಂಸ್ಕೃತಿ'ಯ ಫೋಟೋ ಆಗಲಿಲ್ಲ. ಸಾಲುಸಾಲು ಒಂದೇ ಥರದ ಮನೆಗಳ ಬಾಗಿಲಲ್ಲಿ ಮನೆಯೊಡತಿಯಾಗಿ ನಿಂತ ಹೆಣ್ಣುಮಗಳು ಈ ಪರಂಪರೆಯ ಕಣ್ಣಿಗೆ ಚೆಂದ ಕಾಣುವುದಿಲ್ಲ. ಬಡತನ ಕುಶಲವಾಗಿ ಕೈಯಾಡಿಸುತ್ತಿರುವಾಗ ಮಾತ್ರ ಅದಕ್ಕೆ ಚೆಂದ.

ಪಂಢರಪುರ ಇದೇ ಜಿಲ್ಲೆಯದು, ಅದನ್ನು ಬಿಟ್ಟು ಮುಂದೆ ಹೋಗಲಾಗದು. ಅಲ್ಲಿಗೆ ನಡೆದು ಬರುವ ಆಷಾಢದ ಯಾತ್ರೆ, ವಾರಿ, ಮಹಾರಾಷ್ಟ್ರದ ಫೋಟೋಗ್ರಾಫರರಿಗೆ ದೊಡ್ಡ ಪಾಠಶಾಲೆ. ರಿಂಗಣದಲ್ಲಿ ಕುದುರೆ ಓಡುವ ಕ್ಷಣ, ತಲೆಯ ಮೇಲೆ ತುಳಸಿ ಹೊತ್ತ ಹೆಂಗಸು, ಮಳೆಯಲ್ಲಿ ಕೊಡೆಗಳ ಸಾಲು. ಉದ್ಧವ ಠಾಕ್ರೆಯವರು ಹೆಲಿಕಾಪ್ಟರಿನಿಂದ ತೆಗೆದ ವಾರಿಯ ಚಿತ್ರಗಳ ಪುಸ್ತಕ 'ಪಹಾವಾ ವಿಠ್ಠಲ' 2011ರಲ್ಲಿ ಬಂತು. ಅದು ನೋಡಲೇಬೇಕಾದ ಪುಸ್ತಕ. ಆ ಎತ್ತರದಿಂದ ವಾರಿ ಎಂಥ ಮಹಾಪ್ರವಾಹ ಎಂಬುದು ಮೊದಲ ಬಾರಿಗೆ ಗೊತ್ತಾಗುತ್ತದೆ. ಆದರೆ ಅದೇ ಎತ್ತರದಿಂದ ಯಾರೊಬ್ಬರೂ ಕಾಣುವುದಿಲ್ಲ. ಯಾವ ದಿಂಡಿ ಉತ್ತರ ಕರ್ನಾಟಕದಿಂದ ನಡೆದು ಬಂದದ್ದು, ಯಾರು ಅಕ್ಕಲಕೋಟೆಯವರು, ಯಾರ ಅಭಂಗದ ನಡುವೆ ಕನ್ನಡದ ದಾಸರ ಪದ ನುಸುಳುತ್ತದೆ, ಯಾವುದೂ ಇಲ್ಲ. ಒಂದು ಪುಸ್ತಕಕ್ಕೆ ಇದು ದೋಷವಲ್ಲ, ಅದರ ಉದ್ದೇಶವೇ ಬೇರೆ. ಡ್ರೋನು ಅಗ್ಗವಾದ ಮೇಲೆ ಎಲ್ಲರೂ ಮೇಲಿಂದಲೇ ನೋಡತೊಡಗಿದ್ದು ಮಾತ್ರ ದೋಷ.

ಇಲ್ಲಿಯವರೆಗೆ ಹೆಸರು, ಹೆಸರು ಎಂದೆ. ಹೆಸರು ಬರೆದುಕೊಂಡರೆ ಎಲ್ಲ ಸರಿಹೋಗುತ್ತದೆಯೇ? ಇಲ್ಲ, ಮತ್ತು ಅದಕ್ಕೂ ಸೊಲ್ಲಾಪುರವೇ ಸಾಕ್ಷಿ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ 1911ರಲ್ಲಿ ಹೊಸ ರೂಪ ಪಡೆದು ಮುಂಬಯಿ ಪ್ರಾಂತಕ್ಕೂ ಬಂತು. ಕೈಕಾಡಿ, ಪಾರಧಿ ಮೊದಲಾದ ಅಲೆಮಾರಿ ಸಮುದಾಯಗಳನ್ನು ತಂತಿಬೇಲಿಯೊಳಗೆ ಕೂಡಿಹಾಕಿದ ದೊಡ್ಡ ನೆಲೆಗಳಲ್ಲಿ ಒಂದು ಸೊಲ್ಲಾಪುರದಲ್ಲಿತ್ತು. ಆ ಭಾಗಕ್ಕೆ ಜನ ಈಗಲೂ 'ಸೆಟ್ಲಮೆಂಟ್' ಎಂದೇ ಅನ್ನುತ್ತಾರೆ. ಅಲ್ಲಿ ಎಲ್ಲರ ಹೆಸರೂ ದಾಖಲಾಗಿತ್ತು, ಬೆರಳಚ್ಚಿನ ಸಮೇತ. ಹಾಜರಿ ಹೇಳಬೇಕಿತ್ತು, ಹೊರಗೆ ಹೋಗಲು ಪಾಸು ಬೇಕಿತ್ತು. 1952ರ ಆಗಸ್ಟ್ 31ರಂದು ಆ ಕಾಯ್ದೆ ರದ್ದಾಯಿತು. 'ಪೀಪಲ್ ಆಫ್ ಇಂಡಿಯಾ'ದ ಗುಣಪತ್ರಕ್ಕೂ ಈ ಬೇಲಿಗೂ ನಡುವೆ ನೇರ ದಾರಿಯಿದೆ. ಮೊದಲು ಒಂದು ಜನಾಂಗವನ್ನು ಫೋಟೋದಲ್ಲಿ ಮಾದರಿಯಾಗಿ ಕೂರಿಸಿದರು, ಆಮೇಲೆ ಆ ಮಾದರಿಗೆ ಒಂದು ಸ್ವಭಾವ ಹೊರಿಸಿದರು, ಕೊನೆಗೆ ಆ ಸ್ವಭಾವಕ್ಕೆ ಕಾನೂನು ತಂದರು.

ಶರಬತ್ ಗುಲಾಗೆ ಹೆಸರು ಸಿಕ್ಕ ಮೇಲೂ ನೆಮ್ಮದಿ ಸಿಗಲಿಲ್ಲ. 2016ರಲ್ಲಿ ಸುಳ್ಳು ಗುರುತಿನ ಚೀಟಿಯ ಆರೋಪದ ಮೇಲೆ ಪೇಶಾವರದಲ್ಲಿ ಅವಳನ್ನು ಬಂಧಿಸಿ ಅಫ್ಘಾನಿಸ್ತಾನಕ್ಕೆ ಕಳಿಸಿದರು. ಲೋಕವೆಲ್ಲ ಗುರುತಿಸುವ ಮುಖ ಅವಳಿಗೆ ರಕ್ಷೆಯಾಗಲಿಲ್ಲ. ಆದ್ದರಿಂದ ಹೆಸರು ಯಾರು ಕೇಳುತ್ತಾರೆ, ಯಾಕೆ ಕೇಳುತ್ತಾರೆ, ಬರೆದದ್ದು ಯಾರ ಕೈಯಲ್ಲಿ ಉಳಿಯುತ್ತದೆ ಎಂಬುದೇ ಮುಖ್ಯ. ಹೇಳಲಾರೆ ಎನ್ನುವ ಹಕ್ಕು ಎದುರಿನವರಿಗೆ ಇರಬೇಕು. ಪೊಲೀಸ್ ದಫ್ತರದಲ್ಲಿ ಆ ಹಕ್ಕಿರಲಿಲ್ಲ. ಇವತ್ತು ಕ್ಯಾಮೆರಾ ಹೊತ್ತು ತಾಂಡಾಗಳಿಗೆ ನುಗ್ಗುವವರೂ ಆ ಹಕ್ಕನ್ನು ಕೊಡುತ್ತಿಲ್ಲ. ಕನ್ನಡಿ ಹೊಲಿದ ಕುಪ್ಪಸ, ಕವಡೆ, ತೋಳುದ್ದ ಬಳೆಯ ಲಂಬಾಣಿ ಅಜ್ಜಿಗಾಗಿ ಹುಡುಕಾಡುತ್ತಾರೆ. ಹಬ್ಬಕ್ಕೆ ಮಾತ್ರ ಹಾಕುವ ಉಡುಗೆಯನ್ನು ಪೆಟ್ಟಿಗೆಯಿಂದ ತೆಗೆಸಿ ಹಾಕಿಸುತ್ತಾರೆ. ಪಕ್ಕದಲ್ಲಿ ಚೂಡಿದಾರ ತೊಟ್ಟು ಕಾಲೇಜಿಗೆ ಹೊರಟ ಮೊಮ್ಮಗಳನ್ನು 'ನೀ ಸ್ವಲ್ಪ ಆ ಕಡೆ ಸರಿಯವ್ವಾ' ಎನ್ನುತ್ತಾರೆ. ಅಜ್ಜಿ ಮೊಮ್ಮಗಳು ಜೊತೆಗಿದ್ದ ಚಿತ್ರವೇ ಆ ತಾಂಡಾದ ನಿಜವಾದ ಚಿತ್ರ. ಹ್ಯಾಂಗಾದರೂ ಒಬ್ಬರನ್ನು ಬದಿಗೆ ಸರಿಸಿದರೆ ಮಾತ್ರ ಅದು ಬಹುಮಾನಕ್ಕೆ ಯೋಗ್ಯವಾಗುತ್ತದೆ.

ಈ ಪರಂಪರೆಯ ಒಳಗೇ ಬೇರೆ ದಾರಿ ಹಿಡಿದವರಿದ್ದಾರೆ. ರಘುಬೀರ್ ಸಿಂಗ್ (1942–1999) ಬಣ್ಣದಲ್ಲೇ ಭಾರತವನ್ನು ತೆಗೆದರು, ಆದರೆ ಅವರ ಬಣ್ಣ ಬೀದಿಯನ್ನು ಗುಡಿಸಿ ಸ್ವಚ್ಛ ಮಾಡಿದ ಬಣ್ಣವಲ್ಲ. ಅಂಬಾಸಡರ್ ಕಾರಿನ ಗಾಜು, ಕನ್ನಡಿ, ತೆರೆದ ಬಾಗಿಲುಗಳನ್ನೇ ಚೌಕಟ್ಟಾಗಿ ಮಾಡಿಕೊಂಡ ಅವರ ಕೊನೆಯ ಕೆಲಸದಲ್ಲಿ ಪ್ರವಾಸಿ ತಾನು ಎಲ್ಲಿ ಕುಳಿತು ನೋಡುತ್ತಿದ್ದೇನೆ ಎಂಬುದನ್ನು ಮುಚ್ಚಿಡುವುದಿಲ್ಲ. ಲೇಖಕ ಟೆಜು ಕೋಲ್ 2016ರಲ್ಲಿ ಮೆಕರಿಯ ಪಕ್ಕದಲ್ಲಿ ಅವರನ್ನಿಟ್ಟು ನೋಡಿ ಸಿಂಗ್ ಅವರ ಚಿತ್ರಗಳನ್ನು ಮೇಲೆ ಇಟ್ಟದ್ದು ನನಗೆ ನ್ಯಾಯವಾಗಿ ಕಾಣುತ್ತದೆ.

ಕನ್ನಡದಲ್ಲಿ ಇಬ್ಬರನ್ನು ನೆನೆಯಲೇಬೇಕು. ಮೈಸೂರಿನ ಟಿ. ಎಸ್. ಸತ್ಯನ್ (1923–2009) ಯುನಿಸೆಫ್‌ಗಾಗಿ, ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನದ ದಿನಗಳಲ್ಲಿ ಹಳ್ಳಿಹಳ್ಳಿ ತಿರುಗಿದವರು. ಅವರ ಚಿತ್ರಗಳಲ್ಲಿ ಮಕ್ಕಳು, ದಾದಿಯರು ಏನೋ ಒಂದು ಮಾಡುತ್ತಿರುತ್ತಾರೆ, ಸುಮ್ಮನೆ ನೋಡಿಸಿಕೊಳ್ಳುತ್ತ ಕುಳಿತಿರುವುದಿಲ್ಲ. ಇನ್ನೊಬ್ಬರು ಹೊನ್ನಾವರದ ಕೃಷ್ಣಾನಂದ ಕಾಮತ್ (1934–2002). ವಿಜ್ಞಾನಿ, ಲೇಖಕ, ಫೋಟೋಗ್ರಾಫರ್. 'ನಾನೂ ಅಮೇರಿಕೆಗೆ ಹೋಗಿದ್ದೆ' ಬರೆದವರು, ಬಸ್ತರದ ಆದಿವಾಸಿಗಳ ನಡುವೆ ಓಡಾಡಿ ಚಿತ್ರ ತೆಗೆದವರು, ಹಚ್ಚೆ, ಕಾವಿಕಲೆ, ವೀರಗಲ್ಲುಗಳನ್ನು ದಾಖಲಿಸಿದವರು. ಕಾಮತರ ಫೋಟೋಗಳಲ್ಲಿ ಎಷ್ಟೋ ಸಲ ಬೆಳಕು ಸಾಧಾರಣ, ಚೌಕಟ್ಟು ಓರೆ. ಸಲೋನಿನ ಲೆಕ್ಕದಲ್ಲಿ ಮೊದಲ ಸುತ್ತಿನಲ್ಲೇ ಬೀಳುವಂಥವು. ಆದರೆ ಪಕ್ಕದಲ್ಲಿ ಬರಹ ಇದೆ. ಕಂಡದ್ದು ಎಲ್ಲಿ, ಆ ವಸ್ತುವನ್ನು ಯಾವುದಕ್ಕೆ ಬಳಸುತ್ತಾರೆ, ಅವರು ಏನು ಹೇಳಿದರು ಎಂಬುದಿದೆ. ಹೀಗಾಗಿ ಅವು ಇಂದಿಗೂ ಕೆಲಸಕ್ಕೆ ಬರುತ್ತವೆ. ಚೆಂದದ ಚಿತ್ರ ಬೇಗ ಹಳತಾಗುತ್ತದೆ, ಮಾಹಿತಿಯಿರುವ ಚಿತ್ರದ ಬೆಲೆ ವರ್ಷ ಕಳೆದಷ್ಟೂ ಏರುತ್ತದೆ.

ಪ್ರವಾಸಿಗಳ ಪರಂಪರೆಗೆ ನಿಜವಾದ ಉತ್ತರ ನನಗೆ ಕಾಣುವುದು ನಮ್ಮ ಊರುಗಳ ಗುಂಪುಫೋಟೋದಲ್ಲಿ. ಶಾಲೆಯ ಏಳನೆಯ ಇಯತ್ತೆ, ಗಿರಣಿಯ ಕಾರ್ಮಿಕ ಸಂಘ, ಭಜನಾ ಮಂಡಳಿ, ಸಾಹಿತ್ಯ ಸಮ್ಮೇಳನದ ಸ್ವಾಗತ ಸಮಿತಿ. ಮುಂದೆ ಕುರ್ಚಿ, ಹಿಂದೆ ಬೆಂಚು, ಯಾರೂ ನಗುವುದಿಲ್ಲ. ಕಲೆಯ ದೃಷ್ಟಿಯಿಂದ ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ಆದರೆ ಕೆಳಗೆ ಅಚ್ಚುಕಟ್ಟಾಗಿ ಬರೆದಿರುತ್ತದೆ: ಕುಳಿತವರು ಎಡದಿಂದ ಬಲಕ್ಕೆ, ನಿಂತವರು ಎಡದಿಂದ ಬಲಕ್ಕೆ. ಗೈರುಹಾಜರಾದವರ ಹೆಸರು ಕೂಡ ಕೆಲವೊಮ್ಮೆ ಇರುತ್ತದೆ. ಅಕ್ಕಲಕೋಟೆಯ ಒಂದು ಕನ್ನಡ ಶಾಲೆಯ ಅಂಥ ಫೋಟೋದಲ್ಲಿ ನಾಲ್ಕು ಭಾಷೆಯ ಮನೆಗಳ ಅಡ್ಡಹೆಸರುಗಳು ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಈ ಸೀಮೆಯ ಸಂಸ್ಕೃತಿ ಏನೆಂಬುದನ್ನು ಯಾವ ವರ್ಣಮಯ ಗ್ರಂಥಕ್ಕಿಂತಲೂ ಚೆನ್ನಾಗಿ ಆ ಸಾಲು ಹೇಳುತ್ತದೆ. ಅದಕ್ಕೂ ದೋಷವಿದೆ. ಸಾಲಿನ ಕೊನೆಗೆ ನಿಂತ ಸಿಪಾಯಿಯ ಹೆಸರು ಎಷ್ಟೋ ಕಡೆ ಬಿಟ್ಟುಹೋಗಿರುತ್ತದೆ, ಹೆಣ್ಣುಮಕ್ಕಳು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಆದರೂ ಮನುಷ್ಯರನ್ನು ಹೆಸರಿಟ್ಟು ನೆನಪಿಡಬೇಕೆಂಬ ಒಪ್ಪಂದ ಅದರಲ್ಲಿದೆ. ತೆಗೆಸಿಕೊಂಡವರೇ ದುಡ್ಡು ಕೊಟ್ಟಿದ್ದಾರೆ, ಪ್ರತಿ ಅವರ ಮನೆಗೇ ಹೋಗಿದೆ.

ಈ ಫೋಟೋಗಳು ಈಗ ಬೇಗಬೇಗ ಹಾಳಾಗುತ್ತಿವೆ. ಹಳೆಯ ಸ್ಟುಡಿಯೋಗಳು ಮುಚ್ಚಿದಾಗ ನೆಗೆಟಿವ್‌ಗಳು ರದ್ದಿಗೆ ಹೋಗುತ್ತವೆ. ಮನೆ ಕಟ್ಟಿಸುವಾಗ ಗೋಡೆಯ ಫೋಟೋ ಕೆಳಗಿಳಿದು ಮತ್ತೆ ಮೇಲೇರುವುದಿಲ್ಲ. ಮುಖ ಗುರುತಿಸಬಲ್ಲ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕನ್ನಡ ಸಂಘಗಳು ವರ್ಷಕ್ಕೊಂದು ಸಮಾರಂಭದ ಜೊತೆಗೆ ಈ ಕೆಲಸವನ್ನೂ ಕೈಗೆತ್ತಿಕೊಳ್ಳಬೇಕು. ಮನೆಮನೆಯ ಫೋಟೋಗಳನ್ನು ಮೊಬೈಲಿನಲ್ಲಾದರೂ ನಕಲು ಮಾಡಿ, ಹಿರಿಯರನ್ನು ಪಕ್ಕಕ್ಕೆ ಕೂರಿಸಿಕೊಂಡು ಎಡದಿಂದ ಬಲಕ್ಕೆ ಹೆಸರು, ಊರು, ವರ್ಷ, ಕಸುಬು ಬರೆಸಿಕೊಳ್ಳಬೇಕು. ಗಡ್ಡಾ ಜಾತ್ರೆಗೆ ಕ್ಯಾಮೆರಾ ಹಿಡಿದು ಬರುವ ತರುಣರಲ್ಲಿ ನನ್ನ ವಿನಂತಿ: ಮುಂದಿನ ಜನವರಿಗೆ ಕಾಯದೆ ಸರಾವಿನ ದಿನಗಳಿಗೇ ಬನ್ನಿ. ಫೋಟೋ ತೆಗೆಯುವ ಮೊದಲು 'ನಿಮ್ಮ ಹೆಸರೇನ್ರೀ, ಯಾವೂರು?' ಎಂದು ಕೇಳಿ, ಹೇಳಿದ್ದನ್ನು ಬರೆದುಕೊಳ್ಳಿ, ಬರೆಯಬೇಡಿ ಎಂದರೆ ಬಿಡಿ. ಮತ್ತು ಒಂದು ಪ್ರತಿಯನ್ನು ಅವರ ಮನೆಗೆ ಮುಟ್ಟಿಸಿ.